ಲೆಕ್ಕ ಗೊತ್ತಿತ್ತು, ಪ್ರಶ್ನೆ ಅರ್ಥವಾಗಿರಲಿಲ್ಲ

ಇವತ್ತು ರಾಜಕೀಯ ಬೇಡ. ಒಬ್ಬ ಹುಡುಗನ ಮಾರ್ಕ್ಸ್ ವಿಚಾರ ಹೇಳ್ತೀನಿ, ಕೇಳಿ.

ನನ್ನ ತಂಗಿಯ ಗಂಡನಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತು. ಗಂಡ, ಹೆಂಡತಿ, ಎಂಟು ವರ್ಷದ ಮಗ ಹೊರಟು ನಿಂತರು. ವೀಸಾ ಆಯ್ತು, ಬಾಡಿಗೆ ಮನೆ ಆಯ್ತು, ಚಳಿಗೆ ಜಾಕೆಟ್ ಬಂತು. ನಮ್ಮಮ್ಮ ಸಾರಿನಪುಡಿ, ಚಟ್ನಿಪುಡಿ ಕಟ್ಟಿಕೊಟ್ಟರು. ಶಾಲೆಯ ಕಥೆ ಏನು ಅಂತ ತಂಗಿ ಕೇಳಿದಾಗ, 'ಮಕ್ಕಳು ಬಿಡಮ್ಮ, ಮೂರು ತಿಂಗಳಲ್ಲಿ ಹೊಂದಿಕೊಂಡುಬಿಡ್ತಾರೆ' ಅಂದವನು ಬೇರೆ ಯಾರೂ ಅಲ್ಲ, ನಾನೇ.

ಮೂರು ತಿಂಗಳು ಕಳೆಯಿತು. ವಿಡಿಯೋ ಕಾಲ್‌ನಲ್ಲಿ ಅಜ್ಜಿ ಕೇಳಿದರು, 'ಗಣಿತದಲ್ಲಿ ಎಷ್ಟು ಬಂತೋ ಪುಟ್ಟ?'

'ಐದು, ಅಜ್ಜಿ.'

'ಐದಕ್ಕೆ ಐದಾ! ಭೇಷ್!'

ಆ ಕಡೆಯಿಂದ ಮಾತೇ ಇಲ್ಲ. ಯಾಕೆ ಗೊತ್ತಾ? ಜರ್ಮನಿಯ ಶಾಲೆಗಳಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಕಟ್ಟಕಡೆ. 5 ಅಂದರೆ ನಪಾಸಾದ ಹಾಗೆ.

ಬೆಂಗಳೂರಿನಲ್ಲಿದ್ದಾಗ ಇಪ್ಪತ್ತರ ತನಕ ಮಗ್ಗಿ ಹೇಳುತ್ತಿದ್ದ ಹುಡುಗ ರೀ ಅವನು! ತಂಗಿ ಉತ್ತರಪತ್ರಿಕೆಯ ಫೋಟೋ ಕಳಿಸಿದಳು. ನೋಡಿದೆ. ಬರೀ ಕೂಡು, ಕಳೆ ಇದ್ದ ಕಡೆ ಎಲ್ಲ ಸರಿ. ಆದರೆ ಬಸ್ಸಿನಲ್ಲಿ ಇಷ್ಟು ಜನ ಇದ್ದರು, ಇಷ್ಟು ಜನ ಇಳಿದರು, ಉಳಿದವರೆಷ್ಟು ಎಂಬಂಥ ಪ್ರಶ್ನೆಗಳಿದ್ದವಲ್ಲ, ಅಲ್ಲಿ ಕಂಡ ಅಂಕಿಗಳನ್ನೆಲ್ಲ ಕೂಡಿಸಿ ಇಟ್ಟಿದ್ದ. ಇಳಿದವರನ್ನೂ ಕೂಡಿಸಿದ್ದ! ಹುಡುಗನಿಗೆ ಲೆಕ್ಕ ಗೊತ್ತಿತ್ತು. ಪ್ರಶ್ನೆ ಅರ್ಥವಾಗಿರಲಿಲ್ಲ.

ಇದು ಒಂದು ಪರೀಕ್ಷೆಗೆ ಮುಗಿಯುವ ಮಾತಾಗಿದ್ದರೆ ನಾನು ನಿಮ್ಮ ಮುಂದೆ ತರುತ್ತಿರಲಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸ್ ಮುಗಿಯುತ್ತಿದ್ದಂತೆ ಮಕ್ಕಳ ದಾರಿ ಕವಲೊಡೆಯುತ್ತದೆ. ಹತ್ತು ವರ್ಷಕ್ಕೆ! ವಿಶ್ವವಿದ್ಯಾಲಯಕ್ಕೆ ನೇರ ದಾರಿಯಾದ ಶಾಲೆಗೆ ಗಿಮ್ನಾಸಿಯುಮ್ ಅಂತಾರೆ. ಜಿಮ್ ಅಲ್ಲ, ಹೈಸ್ಕೂಲು. ಅದಕ್ಕೆ ಅರ್ಹತೆ ಸಿಗಬೇಕಾದರೆ ಜರ್ಮನ್, ಗಣಿತ ಮತ್ತು ಪರಿಸರ ಅಧ್ಯಯನದಂಥ ಒಂದು ವಿಷಯ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮ ಇರಬೇಕು. ಮಧ್ಯದ್ದು ರೆಯಾಲ್‌ಶೂಲೆ, ಅದಕ್ಕೆ 2.66. ಉಳಿದವರಿಗೆ ಮಿಟ್ಟೆಲ್‌ಶೂಲೆ. ಬರ್ಲಿನ್‌ನಲ್ಲಾದರೆ ಆರನೇ ಕ್ಲಾಸಿನ ತನಕ ಸಮಯ ಉಂಟು. ಇಷ್ಟು ಬೇಗ ಮಕ್ಕಳನ್ನು ವಿಂಗಡಿಸೋದು ಸರಿಯೇ ಅಂತ ಜರ್ಮನ್ನರೇ ಜಗಳ ಆಡಿದ್ದಾರೆ. 2001ರಲ್ಲಿ ಪೀಸಾ ಪರೀಕ್ಷೆಯ ಫಲಿತಾಂಶ ಬಂದಾಗ, ಮಗು ಯಾವ ಮನೆಯಲ್ಲಿ ಹುಟ್ಟಿತು ಅನ್ನೋದು ಅದರ ಓದಿನ ಮೇಲೆ ಎಷ್ಟು ಪ್ರಭಾವ ಬೀರುತ್ತಿದೆ ಅಂತ ನೋಡಿ ಆ ದೇಶವೇ ದಂಗಾಗಿತ್ತು.

ಗಾಬರಿಯಾದ ತಂಗಿ ಏನು ಮಾಡಿದಳು? ಮನೆಯಲ್ಲಿ ಕನ್ನಡ ನಿಲ್ಲಿಸಿದಳು. ತನಗೆ ಬಂದ ಹರಕುಮುರುಕು ಜರ್ಮನ್‌ನಲ್ಲೇ ಮಗನನ್ನು ಊಟಕ್ಕೆ ಕರೆಯೋದು, ಅದರಲ್ಲೇ ಬೈಯೋದು. ಶಾಲೆಯಲ್ಲಿ ಮೊದಲೇ ಬಾಯಿ ಬಿಡದ ಹುಡುಗ ಮನೆಯಲ್ಲೂ ಮೂಕನಾದ.

ಅದನ್ನು ತಡೆದವರು ಅಲ್ಲಿನ ಟೀಚರಮ್ಮ. 'ಜರ್ಮನ್ ಕಲಿಸೋದು ನನ್ನ ಕೆಲಸ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ನೀವು ಮಗನ ಜೊತೆ ಮಾತಾಡಿ, ಕಥೆ ಹೇಳಿ' ಅಂದರಂತೆ. ಅವತ್ತೇ ಅಜ್ಜಿಗೆ ಫೋನ್ ಬಂತು. ಶಾಲೆಯಲ್ಲಿ ಏನೇನಾಯ್ತು ಅಂತ ಹುಡುಗ ಕನ್ನಡದಲ್ಲಿ ಅರ್ಧ ಗಂಟೆ ಹೇಳಿದ. ಮೂರು ತಿಂಗಳ ಮಾತು ಕಟ್ಟಿಟ್ಟುಕೊಂಡಿದ್ದ, ಪಾಪ.

ಎಲ್ಲ ಸುಖಾಂತ್ಯ ಅಂದುಕೋಬೇಡಿ. ಅವನಿಗೆ ಗಿಮ್ನಾಸಿಯುಮ್ ಸಿಗಲಿಲ್ಲ. ರೆಯಾಲ್‌ಶೂಲೆ ಸಿಕ್ಕಿತು. 'ಅಣ್ಣಾ, ನಾವೇ ಕರ್ಕೊಂಡು ಬಂದು ಹಾಳು ಮಾಡಿದ್ವಾ?' ಅಂತ ತಂಗಿ ಅತ್ತಳು. ಹಾಳಾಗಿಲ್ಲ. ಅಲ್ಲಿ ಹತ್ತನೇ ಕ್ಲಾಸ್ ಮುಗಿಸಿ, ಇನ್ನೆರಡು ವರ್ಷ ಬೇರೆ ಶಾಲೆಯಲ್ಲಿ ಓದಿ ಎಂಜಿನಿಯರಿಂಗ್‌ಗೂ ಹೋಗಬಹುದು. ದಾರಿ ಸುತ್ತು, ಆದರೆ ಮುಚ್ಚಿಲ್ಲ.

ಈಗ ಕ್ಯಾಮೆರಾ ನಮ್ಮ ಕಡೆ ತಿರುಗಿಸ್ತೀನಿ. ಬೆಂಗಳೂರಿನಲ್ಲಿ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿರುವ ಕಡೆ ಹೋಗಿ. ಪಕ್ಕದಲ್ಲಿ ತಗಡಿನ ಶೆಡ್‌ಗಳು. ಒಡಿಶಾದಿಂದ, ಬಿಹಾರದಿಂದ ಬಂದವರ ಮಕ್ಕಳು. ಅವರಲ್ಲಿ ಒಬ್ಬ ನಮ್ಮ ಸರ್ಕಾರಿ ಶಾಲೆಯ ಕೊನೇ ಸಾಲಿನಲ್ಲಿ ಕೂತಿದ್ದಾನೆ. ಅವನಿಗೂ ಲೆಕ್ಕ ಬರುತ್ತೆ. ಅವನೂ ಇಳಿದವರನ್ನು ಕೂಡಿಸುತ್ತಾನೆ. ನಾವು ಅವನಿಗೆ ಕೊಟ್ಟಿರುವ ಹೆಸರೇನು? ದಡ್ಡ! ಹಿಂದುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಿ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ. ಆ ತರಬೇತಿ ನಿಮ್ಮ ಏರಿಯಾದ ಶಾಲೆಯಲ್ಲಿ ನಡೀತಿದೆಯಾ? ಯಾವತ್ತಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ನಮ್ಮ ಮನೆ ಹುಡುಗನಿಗೆ ಐದು ಬರೋ ತನಕ.

ವಿದೇಶಕ್ಕೆ ಹೊರಟವರಿಗೆ ಒಂದು ಮಾತು. ಮನೆ ಹುಡುಕುವ ಮೊದಲು ಆ ಊರಿನ ಶಾಲೆಯ ಕವಲುದಾರಿ ಯಾವ ವಯಸ್ಸಿಗೆ ಬರುತ್ತೆ ಅಂತ ತಿಳಿದುಕೊಳ್ಳಿ. ಮೊದಲ ವರ್ಷದ ಮಾರ್ಕ್ಸ್ ನೋಡಿ ಮಗುವಿನ ಬುದ್ಧಿ ಅಳೆಯಬೇಡಿ. ಮನೆಯಲ್ಲಿ ಕನ್ನಡ ಬಿಡಬೇಡಿ. ಇಲ್ಲೇ ಇರುವ ನಮಗೂ ಒಂದು ಮಾತು. ಉತ್ತರ ತಪ್ಪು ಅನ್ನುವ ಮೊದಲು, ಪ್ರಶ್ನೆ ಅರ್ಥವಾಯ್ತೇನಪ್ಪಾ ಅಂತ ಕೇಳೋಣ.

ಮೊನ್ನೆ ಅಳಿಯ ಫೋನ್ ಮಾಡಿದ್ದ. 'ಮಾಮ, ನಮ್ಮ ಕ್ಲಾಸಿಗೆ ಉಕ್ರೇನ್‌ನಿಂದ ಹೊಸ ಹುಡುಗ ಬಂದಿದಾನೆ. ಅವನಿಗೆ ಬಸ್ಸಿನ ಚಿತ್ರ ಬರೆದು ತೋರಿಸ್ತೀನಿ, ಯಾರು ಹತ್ತಿದ್ರು, ಯಾರು ಇಳಿದ್ರು ಅಂತ.'