ಬೀಟರ್ ಇಲ್ದೇ ವಾಫಲ್ ಹಿಟ್ಟು ಆಗುತ್ತಾ?

ಹೋದ ಎಪಿಸೋಡ್ ಆದ್ಮೇಲೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಇತ್ತು. "ವಿಡಿಯೋಗಳಲ್ಲಿ ಎಲ್ರೂ ಎಲೆಕ್ಟ್ರಿಕ್ ಬೀಟರ್ ಹಿಡ್ಕೊಂಡಿರ್ತಾರೆ. ನಮ್ಮ ಹತ್ರ ಇಲ್ಲ. ವಾಫಲ್ ಆಗುತ್ತಾ?"

ಆಗುತ್ತೆ. ನಾನೂ ನನ್ನ ಗೆಳತಿಯೂ ಮೈಸೂರಿನ ಕುವೆಂಪುನಗರದಲ್ಲಿ ಶನಿವಾರ, ಭಾನುವಾರ ಸಂಜೆ ಒಂದು ಸಣ್ಣ ಟೇಬಲ್ ಹಾಕ್ತೀವಿ. ಕೈಯಲ್ಲಿದ್ದ ದುಡ್ಡೆಲ್ಲ ಗ್ಯಾಸ್ ಮೇಲೆ ಇಡೋ ವಾಫಲ್ ಅಚ್ಚಿಗೆ, ಸಿಲಿಂಡರಿಗೆ ಹೋಯ್ತು. ಬೀಟರ್ ಕೊಂಡಿದ್ರೆ ಮೊದಲ ತಿಂಗಳ ಮೈದಾ, ಬೆಣ್ಣೆಗೆ ಕಾಸಿರ್ತಿರಲಿಲ್ಲ. ಕೈಯಲ್ಲಿ ಕಲಸಿದ ಹಿಟ್ಟು ಸರಿ ಬರದಿದ್ರೆ ಆ ತಿಂಗಳೇ ಟೇಬಲ್ ಮಡಚಬೇಕಿತ್ತು.

ಅಸಲಿಗೆ ವಾಫಲ್ ಕರೆಂಟಿಗಿಂತ ತುಂಬಾ ಹಳೇದು. 14ನೇ ಶತಮಾನದ ಕೊನೆಯ ಫ್ರೆಂಚ್ ಮನೆವಾರ್ತೆ ಪುಸ್ತಕ 'ಲ ಮೆನಾಜಿಯೆ ದ ಪಾರಿ'ಯಲ್ಲೇ ವಾಫಲ್ ಇದೆ. ಮೊಟ್ಟೆ, ಉಪ್ಪು, ವೈನ್, ಹಿಟ್ಟು, ಅಷ್ಟೇ. 1869ರಲ್ಲಿ ಅಮೆರಿಕದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಪೇಟೆಂಟ್ ತಗೊಂಡ ಅಚ್ಚು ಕೂಡ ಒಲೆ ಮೇಲೆ ಇಡೋದೇ.

ಸರಿ, ಅಳತೆ ಹೇಳ್ತೀನಿ. ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ 3 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಸಕ್ಕರೆ 2 ದೊಡ್ಡ ಚಮಚ. ಇದಿಷ್ಟೂ ಒಣದು, ಒಟ್ಟಿಗೆ ಜರಡಿ ಹಿಡೀರಿ. ಜರಡಿ ಹಿಡಿದ್ರೆ ಗಂಟು ಅರ್ಧ ಅಲ್ಲೇ ಕಮ್ಮಿ ಆಗುತ್ತೆ, ಆಮೇಲೆ ಕೈಗೆ ಕೆಲಸ ಉಳಿಯಲ್ಲ. ಇನ್ನೊಂದು ಪಾತ್ರೆಯಲ್ಲಿ ಹಾಲು 400 ಎಂಎಲ್, 2 ಮೊಟ್ಟೆಯ ಹಳದಿ, ಕರಗಿಸಿದ ಬೆಣ್ಣೆ 100 ಗ್ರಾಂ. ಹಾಲು ಉಗುರು ಬೆಚ್ಚಗಿರ್ಲಿ. ಫ್ರಿಜ್‌ನಿಂದ ತೆಗೆದ ಹಾಲಿಗೆ ಬೆಣ್ಣೆ ಸುರಿದ್ರೆ ಅದು ತಕ್ಷಣ ಹೆಪ್ಪುಗಟ್ಟಿ ಮೇಲೆ ತೇಲುತ್ತೆ. ಬೆಣ್ಣೆ ಸುಡ್ತಾ ಇದ್ರೆ ಹಳದಿ ಬೆಂದುಹೋಗುತ್ತೆ. ಎರಡೂ ಬೆಚ್ಚಗೆ, ಅಷ್ಟೇ.

ಈಗ ಬಿಳಿ ಲೋಳೆ. ಶ್ರಮ ಅಂತ ಇರೋದು ಇಲ್ಲೊಂದೇ ಕಡೆ. ಮೊಟ್ಟೆ ತಣ್ಣಗಿದ್ದಾಗ ಬಿಳಿ, ಹಳದಿ ಸುಲಭವಾಗಿ ಬೇರೆ ಆಗುತ್ತೆ, ಆದ್ರೆ ನೊರೆ ಚೆನ್ನಾಗಿ ಬರೋದು ಬಿಳಿ ಸ್ವಲ್ಪ ಹೊತ್ತು ಹೊರಗಿದ್ದ ಮೇಲೆ. ಅಗಲವಾದ ಸ್ಟೀಲ್ ಪಾತ್ರೆ, ಒಂದು ಹನಿ ಜಿಡ್ಡೂ ನೀರೂ ಇರಬಾರದು. ನಾಲ್ಕು ಹನಿ ನಿಂಬೆರಸ ಬಿಡಿ, ನೊರೆ ನಿಲ್ಲುತ್ತೆ. ತಂತಿ ವಿಸ್ಕ್ ಇದ್ರೆ ಒಳ್ಳೇದು, ಇಲ್ದಿದ್ರೆ ಎರಡು ಫೋರ್ಕ್ ಜೋಡಿಸಿ ಹಿಡ್ಕೊಳ್ಳಿ. ಗುಂಡಗೆ ತಿರುಗಿಸೋದಕ್ಕಿಂತ ಈ ಕಡೆಯಿಂದ ಆ ಕಡೆಗೆ ಬೇಗ ಬೇಗ ಆಡಿಸೋದು ಮೇಲು. ಮೊಣಕೈಯಿಂದ ಬೇಡ, ಮಣಿಕಟ್ಟಿಂದ ಮಾಡಿ. ಎರಡು ಮೊಟ್ಟೆಗೆ ನನಗೆ ಐದು ನಿಮಿಷ ಹಿಡಿಯುತ್ತೆ. ವಿಸ್ಕ್ ಎತ್ತಿದಾಗ ನೊರೆಯ ತುದಿ ಮೆತ್ತಗೆ ಬಾಗಬೇಕು, ಅಲ್ಲಿಗೆ ನಿಲ್ಲಿಸಿ.

"ಅಜ್ಜಿಯ ಕಡಗೋಲು ಇದೆ, ಅದರಲ್ಲಿ ಕಡೀಲಾ?" ಅಂತ ಒಬ್ರು ಕೇಳಿದ್ರು. ಪ್ರಶ್ನೆ ತುಂಬಾ ಇಷ್ಟ ಆಯ್ತು. ಹಾಲು, ಬೆಣ್ಣೆ, ಹಳದಿ ಬೆರೆಸೋಕೆ ಅದಕ್ಕಿಂತ ಒಳ್ಳೇದಿಲ್ಲ. ಬಿಳಿ ಲೋಳೆಗೆ ಮಾತ್ರ ಬೇಡ. ವರ್ಷಗಟ್ಟಲೆ ಮಜ್ಜಿಗೆ ಕಡೆದ ಮರ ಬೆಣ್ಣೆ ಜಿಡ್ಡು ಕುಡಿದಿರುತ್ತೆ, ಆ ಜಿಡ್ಡು ನೊರೆ ಏಳೋಕೆ ಬಿಡಲ್ಲ.

ಆಮೇಲೆ ಒಣ ಹಿಟ್ಟಿನ ಮಧ್ಯೆ ಗುಂಡಿ ಮಾಡಿ ಹಾಲಿನ ಮಿಶ್ರಣ ಸುರೀರಿ. ನಮ್ಮ ಕೈಗೆ ಅಭ್ಯಾಸ ಬೇರೆ: ಬಜ್ಜಿ ಹಿಟ್ಟಲ್ಲಿ ಗಂಟು ಇರಬಾರದು, ಮುದ್ದೆಯಲ್ಲಂತೂ ಗಂಟು ಸಿಕ್ರೆ ಮನೇಲಿ ಮಾತು ಕೇಳ್ಬೇಕು. ಇಲ್ಲಿ ಉಲ್ಟಾ. ಮೈದಾನ ಒದ್ದೆ ಮಾಡಿ ಜಾಸ್ತಿ ಕಲಸಿದಷ್ಟೂ ಗ್ಲುಟೆನ್ ಬಿಗಿಯಾಗಿ ವಾಫಲ್ ರಬ್ಬರ್ ಥರ ಆಗುತ್ತೆ. ಹದಿನೈದು ಸುತ್ತು ಸಾಕು. ಒಣ ಪುಡಿ ಕಾಣಿಸದಿದ್ರೆ ಆಯ್ತು, ಸಾಸಿವೆ ಗಾತ್ರದ ಗಂಟು ಇದ್ರೂ ಇರ್ಲಿ. ಹತ್ತು ನಿಮಿಷ ಬಿಟ್ರೆ ಅದೂ ನೆನೆದು ಕರಗುತ್ತೆ. ಹಾಗಾಗಿ ಈ ಹಂತದಲ್ಲಿ ಬೀಟರ್‌ಗಿಂತ ಕೈಯೇ ವಾಸಿ ಅಂತ ನನ್ನ ಅಭಿಪ್ರಾಯ, ಬೀಟರ್ ಇರೋರು ಬೈಕೊಳ್ಳಬಹುದು.

ನೊರೆ ಕೊನೆಗೆ. ಮೂರು ಸಲಕ್ಕೆ ಹಾಕಿ, ಚಪ್ಪಟೆ ಚಮಚದಲ್ಲಿ ತಳದಿಂದ ಎತ್ತಿ ಮೇಲೆ ಮಡಚಿ. ಅಲ್ಲಲ್ಲಿ ಬಿಳಿ ಗೆರೆ ಉಳಿದ್ರೆ ಉಳೀಲಿ.

ಮೊಟ್ಟೆ ತಿನ್ನದವರಿಗೆ: ಹಾಲು 300 ಎಂಎಲ್‌ಗೆ ಇಳಿಸಿ, ಅರ್ಧ ಕಪ್ ಹುಳಿ ಮೊಸರು ಸೇರಿಸಿ, ಬೇಕಿಂಗ್ ಪೌಡರ್ 2 ಚಮಚ ಮಾಡಿ, ಅರ್ಧ ಚಮಚ ಅಡುಗೆ ಸೋಡಾ ಹಾಕಿ. ಎರಡು ದೊಡ್ಡ ಚಮಚ ಮೈದಾ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಹಾಕಿದ್ರೆ ಗರಿಗರಿ ಆಗುತ್ತೆ. ಮೊಸರೂ ಸೋಡಾನೂ ಸೇರಿದ ಕೂಡ್ಲೇ ಗುಳ್ಳೆ ಏಳುತ್ತೆ, ಅದಕ್ಕೇ ಅಚ್ಚು ಮೊದಲೇ ಕಾದಿರ್ಲಿ.

ಬೇಯೋವಾಗ ಅಚ್ಚಿನ ಅಂಚಿಂದ ಹಬೆ ಬರ್ತಿರುತ್ತೆ. ಹಬೆ ಕಮ್ಮಿ ಆಗೋವರೆಗೂ ತೆರೀಬೇಡಿ. ತೆಗೆದ ವಾಫಲ್‌ಗಳನ್ನ ಒಂದರ ಮೇಲೊಂದು ಪೇರಿಸಬೇಡಿ, ಮೆತ್ತಗಾಗುತ್ತೆ.

ಮಾರೋ ಯೋಚನೆ ಇರೋರಿಗೆ ಒಂದು ಮಾತು. ನೊರೆ ಹಾಕಿದ ಹಿಟ್ಟು ಹೊತ್ತು ಹೋದಂತೆ ಕುಗ್ಗುತ್ತೆ. ನಾವು ಒಣದನ್ನ ಡಬ್ಬಿಗಳಲ್ಲಿ ತೂಗಿಟ್ಕೊಂಡು ಹೋಗ್ತೀವಿ, ಹಾಲು, ಮೊಟ್ಟೆ ಐಸ್ ಡಬ್ಬದಲ್ಲಿ. ಒಂದು ಡಬ್ಬಿ ಮುಗೀತಾ ಬಂದಾಗ ಇನ್ನೊಂದಕ್ಕೆ ಬೇಕಾದಷ್ಟು ಹಾಲು ಸ್ಟವ್ ಪಕ್ಕದಲ್ಲಿ ಬೆಚ್ಚಗಾಗೋಕೆ ಇಟ್ಟು, ಮೊಟ್ಟೆ ಒಡೀತೀವಿ. ಒಬ್ರು ಅಚ್ಚು ನೋಡ್ಕೊಂಡ್ರೆ ಇನ್ನೊಬ್ರು ವಿಸ್ಕ್. ಮುಂದಿನ ಡಬ್ಬಿಗೆ ಕೈ ಬದಲು.

ಬೀಟರ್ ಕೊಳ್ಳೋಷ್ಟು ದುಡ್ಡು ಈಗ ಸೇರಿದೆ. ಆದ್ರೆ ಟೇಬಲ್ ಮುಂದೆ ಕಾಯ್ತಾ ನಿಲ್ಲೋರು ಜಾಸ್ತಿ ಆಗಿದ್ದಾರೆ, ಅದರಲ್ಲಿ ಎರಡನೇ ಅಚ್ಚು ತಗೋತೀವಿ.