ದಪ್ಪ ಅಲ್ಯೂಮಿನಿಯಂ ಬೆಸೆಯಲು ಎಂಥ ಯಂತ್ರ ಬೇಕು?

(ಭೂಸನೂರಿನ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ನಮ್ಮ ಆಳಂದ ಸೀಮೆಯಲ್ಲಿ ತೊಗರಿ ರಾಶಿಯೂ ಕಬ್ಬಿನ ಕಟಾವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ಆ ದಿನಗಳಲ್ಲಿ ಒಂದು ಇಂಜಿನ್ ನಿಂತರೆ ಒಂದು ಮನೆಯ ಕೆಲಸವೇ ನಿಲ್ಲುತ್ತದೆ. ಕಬ್ಬಿಣದ ನೇಗಿಲು, ಕುಂಟೆ ಮುರಿದರೆ ಊರಲ್ಲೇ ಬೆಸೆಯುತ್ತಾರೆ. ಆದರೆ ಇಂಜಿನ್ನಿನ ಕವಚ, ಮೋಟಾರಿನ ಮುಚ್ಚಳ, ಹಾಲಿನ ಕ್ಯಾನು ಮುಂತಾದ ಅಲ್ಯೂಮಿನಿಯಂ ವಸ್ತು ಒಡೆದರೆ ಆಳಂದಕ್ಕೋ ಕಲಬುರಗಿಗೋ ಹೊರಬೇಕು. ಆದುದರಿಂದ ಊರಲ್ಲೇ ಒಂದು ಯಂತ್ರ ಕೊಳ್ಳೋಣವೆಂಬ ವಿಚಾರ ಒಳ್ಳೆಯದೇ. ಆದರೆ ಸಾಲ ಮಾಡಿ ತಂದ ಯಂತ್ರ ಕೆಲಸಕ್ಕೆ ಬಾರದಿದ್ದರೆ ಕಂತು ಮಾತ್ರ ತಪ್ಪದು. ಅದಕ್ಕಾಗಿ ಈ ನಾಲ್ಕು ಮಾತು.

ಮೊದಲು ಲೋಹದ ಗುಣ ತಿಳಿಯಿರಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಆದರೆ ಅದರ ಮೈಮೇಲಿನ ತೆಳು ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಒಳಗಿನ ಲೋಹ ನೀರಾದರೂ ಮೇಲಿನ ಪೊರೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಎರಡನೆಯದಾಗಿ, ಈ ಲೋಹ ಸಾಧಾರಣ ಉಕ್ಕಿಗಿಂತ ನಾಲ್ಕೈದು ಪಟ್ಟು ಬೇಗ ಶಾಖವನ್ನು ಹರಿಸಿಬಿಡುತ್ತದೆ. ತುಂಡು ದಪ್ಪವಿದ್ದಷ್ಟೂ ನಾವು ಕೊಟ್ಟ ಶಾಖ ಸುತ್ತಲೂ ಓಡಿಹೋಗುತ್ತದೆ. ಕಬ್ಬಿಣವನ್ನು ಚೆನ್ನಾಗಿ ಬೆಸೆಯುವ ಯಂತ್ರ ಇಲ್ಲಿ ಸೋಲುವುದು ಇದರಿಂದಲೇ.

ಹಾಗಾದರೆ ಯಂತ್ರ ಯಾವುದು? ಆರ್ಗಾನ್ ಅನಿಲದ ಆಸರೆಯಲ್ಲಿ ಬೆಸೆಯುವ ಟಿಗ್ ಯಂತ್ರ ರಿಪೇರಿ ಕೆಲಸಕ್ಕೆ ತಕ್ಕದ್ದು. ಆದರೆ ಅದರಲ್ಲಿ ಎ.ಸಿ. ವಿದ್ಯುತ್ತಿನ ಸೌಕರ್ಯ ಇರಲೇಬೇಕು. ದಿಕ್ಕು ಬದಲಿಸುತ್ತ ಹರಿಯುವ ಈ ವಿದ್ಯುತ್ತು ಒಂದು ಸರದಿಯಲ್ಲಿ ಪೊರೆಯನ್ನು ಒಡೆಯುತ್ತದೆ, ಮತ್ತೊಂದು ಸರದಿಯಲ್ಲಿ ಲೋಹಕ್ಕೆ ಶಾಖ ಕೊಡುತ್ತದೆ. ಅಗ್ಗಕ್ಕೆ ಸಿಗುವ ಅನೇಕ ಟಿಗ್ ಯಂತ್ರಗಳಲ್ಲಿ ಡಿ.ಸಿ. ಮಾತ್ರ ಇರುತ್ತದೆ. ಅವು ಕಬ್ಬಿಣಕ್ಕೂ ಸ್ಟೀಲಿಗೂ ಸರಿ, ಈ ಕೆಲಸಕ್ಕಲ್ಲ. ಪೆಟ್ಟಿಗೆಯ ಮೇಲೆ 'ಟಿಗ್' ಎಂದು ಬರೆದ ಮಾತ್ರಕ್ಕೆ ಹಣ ಕೊಡಬೇಡಿರಿ.

ಇನ್ನು ಶಕ್ತಿಯ ಲೆಕ್ಕ. ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂದು ಹಿಡಿಯಿರಿ. 3 ಮಿಲಿಮೀಟರಿಗೆ 120, 6 ಮಿಲಿಮೀಟರಿಗೆ 240 ಆಂಪಿಯರ್ ಆಯಿತು. 10 ಮಿಲಿಮೀಟರ್ ತುಂಡಿಗೆ 300ರಿಂದ 350 ಆಂಪಿಯರಿನ ದೊಡ್ಡ ಯಂತ್ರವೇ ಬೇಕಾದೀತು. ತುಂಡನ್ನು ಮೊದಲೇ 100 ಡಿಗ್ರಿಯ ಆಸುಪಾಸಿಗೆ ಬಿಸಿಮಾಡಿಕೊಂಡರೆ ಇದಕ್ಕಿಂತ ಕಡಿಮೆ ಶಕ್ತಿಯಲ್ಲೂ ಕೆಲಸ ಸಾಗುತ್ತದೆ. ಆದರೆ ಎಚ್ಚರ: ಅಲ್ಯೂಮಿನಿಯಂ ಕಾದರೂ ಕಬ್ಬಿಣದಂತೆ ಕೆಂಪಾಗುವುದಿಲ್ಲ. ಬಣ್ಣ ನೋಡಿ ಶಾಖ ಅಳೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಯಂತ್ರದ ಮೇಲೆ ಬರೆದ ಆಂಪಿಯರ್ ಒಂದನ್ನೇ ನೋಡಿದರೆ ಸಾಲದು. ಅಷ್ಟು ಶಕ್ತಿಯಲ್ಲಿ ಹತ್ತು ನಿಮಿಷಕ್ಕೆ ಎಷ್ಟು ನಿಮಿಷ ದುಡಿಯಬಲ್ಲದೆಂದು ಕೇಳಿರಿ. 60 ಶೇಕಡಾ ಎಂದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಈ ಲೆಕ್ಕ ಸಾಮಾನ್ಯವಾಗಿ 40 ಡಿಗ್ರಿ ಹವೆಗೆ ಕಟ್ಟಿದ್ದು. ನಮ್ಮ ಬೇಸಿಗೆ ಅದನ್ನೂ ದಾಟುತ್ತದೆ. ಆದ್ದರಿಂದ ಬೇಕಾದುದಕ್ಕಿಂತ ತುಸು ಹೆಚ್ಚಿನ ಶಕ್ತಿಯದನ್ನೇ ಆರಿಸಿಕೊಳ್ಳುವುದು ಲೇಸು.

ವಿದ್ಯುತ್ತಿನ ಸಂಗತಿಯನ್ನು ಯಂತ್ರಕ್ಕಿಂತ ಮೊದಲು ವಿಚಾರಿಸಿರಿ. 200 ಆಂಪಿಯರಿನ ಯಂತ್ರ ಸಿಂಗಲ್ ಫೇಸಿನಲ್ಲಿ ನಡೆದರೂ ಪೂರ್ಣ ಶಕ್ತಿಯಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಮನೆಯ ತಂತಿ ಅದನ್ನು ತಾಳದು. 300 ಆಂಪಿಯರಿನದಕ್ಕೆ ಸಾಮಾನ್ಯವಾಗಿ ತ್ರೀ ಫೇಸ್ ಬೇಕು. ಪಂಪ್‌ಸೆಟ್ಟಿನ ಸಂಪರ್ಕದಿಂದ ಇಂಥ ಕಸುಬಿಗೆ ವಿದ್ಯುತ್ ಎಳೆಯುವುದು ನಿಯಮಕ್ಕೆ ವಿರುದ್ಧ. ಅಲ್ಲಿ ತ್ರೀ ಫೇಸ್ ದಿನವಿಡೀ ಇರುವುದೂ ಇಲ್ಲ. ಉದ್ಯಮದ ಸಂಪರ್ಕಕ್ಕಾಗಿ ಜೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಟ್ಟು, ಅದರ ಖರ್ಚನ್ನೂ ಆರ್ಗಾನ್ ಸಿಲಿಂಡರಿನ ಖರ್ಚನ್ನೂ ಯಂತ್ರದ ಬೆಲೆಗೆ ಕೂಡಿಸಿ ನೋಡಿರಿ.

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ನೊಗ ಹೂಡಿ ನಡೆಸಿ ನೋಡುತ್ತೇವೆ. ಯಂತ್ರವನ್ನೂ ಹಾಗೆಯೇ ಪರೀಕ್ಷಿಸಿರಿ. ನಿಮ್ಮದೇ ಒಡೆದ ದಪ್ಪ ತುಂಡೊಂದನ್ನು ಅಂಗಡಿಗೆ ಒಯ್ಯಿರಿ. ಎಣ್ಣೆ ತೊಳೆದು, ಅಲ್ಯೂಮಿನಿಯಮ್ಮಿಗೆಂದೇ ಇಟ್ಟ ಸ್ಟೀಲ್ ಬ್ರಷ್ಷಿನಿಂದ ಉಜ್ಜಿಸಿ, ಕಣ್ಣೆದುರಿಗೆ ಬೆಸೆಯಿಸಿರಿ. ಬಳಿಕ ಆ ಬೆಸುಗೆಯನ್ನು ಕೊಯ್ದು ನೋಡಿರಿ. ಒಳಗೆ ತೂತುಗಳಿದ್ದರೆ, ಬುಡದವರೆಗೆ ಲೋಹ ಕೂಡಿರದಿದ್ದರೆ ಕಾರಣ ಕೇಳಿರಿ. ಉತ್ತರ ಒಪ್ಪಿಗೆಯಾಗದಿದ್ದರೆ ಮರಳಿ ಬನ್ನಿರಿ.

ಕೊನೆಯದಾಗಿ, ಒಂದು ವರ್ಷದಲ್ಲಿ ಊರಿನಲ್ಲಿ ಎಷ್ಟು ಅಲ್ಯೂಮಿನಿಯಂ ವಸ್ತು ಒಡೆದವೆಂದು ಮನೆಮನೆಯಲ್ಲಿ ಕೇಳಿ ಬರೆದಿಡಿರಿ. ಅಯಸ್ಕಾಂತ ಹತ್ತಿದರೆ ಅದು ಕಬ್ಬಿಣದ್ದು, ಈ ಲೆಕ್ಕಕ್ಕೆ ಬಾರದು. ಹತ್ತಾರು ತುಂಡುಗಳಷ್ಟೇ ಇದ್ದರೆ ಪಟ್ಟಣಕ್ಕೆ ಒಯ್ಯುವುದೇ ಅಗ್ಗ. ಹೆಚ್ಚಿದ್ದರೆ ಸುತ್ತಲಿನ ಎರಡು ಮೂರು ಊರಿನವರು ಕೂಡಿ ಒಂದೇ ಒಳ್ಳೆಯ ಯಂತ್ರ ತರಬಹುದು. ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಪಡೆದ ತರುಣನ ಕೈಗೆ ಅದನ್ನು ಒಪ್ಪಿಸಿರಿ. ಕಣ್ಣಿಗೆ ಮುಖವಾಡ, ಮೈತುಂಬ ಬಟ್ಟೆ, ಗಾಳಿ ಆಡುವ ಕೋಣೆ ಇವು ಯಂತ್ರದಷ್ಟೇ ಅಗತ್ಯ. ಡೀಸೆಲ್, ಔಷಧಿ ತುಂಬಿದ್ದ ಡಬ್ಬಿಗೆ ಕಿಡಿ ತಾಗಿಸಲೇಬೇಡಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ದಪ್ಪ ಅಳೆದು, ವಿದ್ಯುತ್ತು ನೋಡಿ, ಕೆಲಸ ಎಣಿಸಿ ಕೊಂಡ ಯಂತ್ರ ಊರಿಗೆ ಆಸರೆಯಾದೀತು.