ಹೊಟ್ಟೆ ಕೊಡುವ ಸಿಗ್ನಲ್

ಮನೆಯ ಹಿರಿಯರು “ಯಾಕೋ ಮೋಷನ್ ಸರಿಯಾಗಿ ಆಗ್ತಿಲ್ಲಪ್ಪ” ಅಂದರೆ ನಾವೇನು ಮಾಡ್ತೀವಿ? ಬಾಳೆಹಣ್ಣು ತಿನ್ನಿ ಅಂತೀವಿ, ಅಲ್ಲಿಗೆ ಮರೆತುಬಿಡ್ತೀವಿ. ಅದೇ ಅವರ ಕೈ ನಡುಗಿದರೆ? ಅವತ್ತೇ ನರರೋಗ ತಜ್ಞರ ಹತ್ತಿರ ಓಡ್ತೀವಿ.

ಇವೆರಡೂ ಒಂದೇ ಕಾಯಿಲೆಯ ಎರಡು ಘಟ್ಟ ಆಗಿರಬಹುದು. ಅದರ ಹೆಸರು ಪಾರ್ಕಿನ್ಸನ್. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿದಾಗಲೇ ಮಲಬದ್ಧತೆಯ ಮಾತೂ ಅದರಲ್ಲಿತ್ತು.

ನಾನು ಎಂಜಿನಿಯರಿಂಗ್ ಓದಿದವನು, ವೈರಿಂಗ್ ಲೆಕ್ಕದಲ್ಲೇ ಹೇಳ್ತೀನಿ. ನಮ್ಮ ಜೀರ್ಣನಾಳದ ಗೋಡೆಯೊಳಗೆ 10 ಕೋಟಿಗೂ ಹೆಚ್ಚು ನರಕೋಶಗಳ ಜಾಲವಿದೆ. ತಿಂದದ್ದನ್ನು ಮುಂದಕ್ಕೆ ತಳ್ಳೋಕೆ ಅದು ಮಿದುಳಿನ ಅಪ್ಪಣೆಗೆ ಕಾಯಬೇಕಿಲ್ಲ. ಆದರೆ ಇವೆರಡರ ನಡುವೆ ಒಂದು ಮುಖ್ಯ ಕೇಬಲ್ ಇದೆ, ವೇಗಸ್ ನರ.

ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೊಟೀನ್ ನರಕೋಶಗಳಲ್ಲಿ ಗಂಟುಕಟ್ಟುವುದು ಪಾರ್ಕಿನ್ಸನ್‌ನ ಗುರುತು. ಇದು ಹೊಟ್ಟೆಯ ನರಗಳಲ್ಲಿ ಶುರುವಾಗಿ ವೇಗಸ್ ದಾರಿ ಹಿಡಿದು ಮಿದುಳಿಗೆ ಏರಬಹುದು ಎಂದು 2003ರಲ್ಲಿ ವಾದ ಮುಂದಿಟ್ಟವರು ಜರ್ಮನಿಯ ಹೈಕೊ ಬ್ರಾಕ್. 2015ರಲ್ಲಿ ಡೆನ್ಮಾರ್ಕ್‌ನಿಂದ ಒಂದು ಸುಳಿವು ಬಂತು. ಹಿಂದೆ ಅಲ್ಸರ್‌ಗಾಗಿ ವೇಗಸ್ ನರದ ಕಾಂಡವನ್ನೇ ಕತ್ತರಿಸಿಕೊಂಡವರಲ್ಲಿ ಪಾರ್ಕಿನ್ಸನ್ ಕಡಿಮೆ ಕಂಡಿತ್ತು. ಇದು ಕೊನೆಯ ಸಾಕ್ಷಿಯಲ್ಲ. ಕೆಲವರಲ್ಲಿ ಕಾಯಿಲೆ ಮಿದುಳಲ್ಲೇ ಶುರುವಾಗುತ್ತೆ ಅನ್ನೋ ವಾದವೂ ಇದೆ. ಆದರೆ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಮಲಬದ್ಧತೆ ಕಾಣಿಸಬಹುದು ಅನ್ನೋದು ಗಟ್ಟಿ. ಕೈ ನಡುಗುವ ಹೊತ್ತಿಗೆ ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳ ದೊಡ್ಡ ಪಾಲು ಹೋಗಿಯಾಗಿರುತ್ತೆ.

ಹಾಗಂತ ಗಾಬರಿ ಬೇಡ. ಮಲಬದ್ಧತೆ ಇರೋರಲ್ಲಿ ಬಹುಪಾಲು ಜನರಿಗೆ ಪಾರ್ಕಿನ್ಸನ್ ಬರೋದಿಲ್ಲ. ನೀರು, ಸೊಪ್ಪು, ಓಡಾಟ ಕಮ್ಮಿಯಾದರೂ ಹೊಟ್ಟೆ ಕಟ್ಟುತ್ತೆ. ಆದರೆ ಅದರ ಜೊತೆಗೆ ಒಗ್ಗರಣೆಯ ವಾಸನೆಯೇ ಗೊತ್ತಾಗ್ತಿಲ್ಲ, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸ್ತಾರೆ, ನಡಿಗೆ ನಿಧಾನವಾಗಿದೆ ಅಂದರೆ ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದು ಡಾಕ್ಟರ್ ಮುಂದಿಡಿ. ಹೊಟ್ಟೆ ಡಾಕ್ಟರಿಗೆ ಹೊಟ್ಟೆಯ ದೂರು, ನರದ ಡಾಕ್ಟರಿಗೆ ಕೈಯ ದೂರು ಅಂತ ಹಂಚಿಬಿಟ್ಟರೆ ಪೂರ್ತಿ ಚಿತ್ರ ಯಾರಿಗೂ ಸಿಗೋದಿಲ್ಲ.

ಈ ಕಾಯಿಲೆಯನ್ನು ತಡೆದು ನಿಲ್ಲಿಸುವ ಔಷಧ ಇನ್ನೂ ಬಂದಿಲ್ಲ, ನಿಜ. ಆದರೆ ಬೇಗ ಗೊತ್ತಾದರೆ ಔಷಧ, ವ್ಯಾಯಾಮ, ಆರೈಕೆ ಬೇಗ ಶುರುವಾಗುತ್ತೆ. ಬಿದ್ದು ಸೊಂಟ ಮುರಿಯೋದು ತಪ್ಪಬಹುದು. ವಯಸ್ಸಾದವರು ಹೊಟ್ಟೆಯ ವಿಷಯ ಹೇಳೋಕೇ ಸಂಕೋಚ ಪಡ್ತಾರೆ. ಅವರು ಹೇಳಲಿ ಅಂತ ಕಾಯಬೇಡಿ, ನೀವೇ ಕೇಳಿ.